ಕಪಾಟು ನೆಟ್ಟಗೆ ನಿಲ್ಲಲು ಜಾಹೀರಾತು

ನಾನು ಕೆಲಸಕ್ಕಿದ್ದ ಆಟದ ಕಂಪನಿ ದೇವನಹಳ್ಳಿಯಲ್ಲಿ, ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಮೊಬೈಲಿನಲ್ಲಿ ಮನೆ ಜೋಡಿಸುವ ಆಟವೊಂದನ್ನು ಮಾಡುತ್ತಿದ್ದೆವು. ಖಾಲಿ ಕೋಣೆ ಕಾಣುತ್ತದೆ. ಮಂಚ, ಕಪಾಟು, ಹೂವಿನ ಕುಂಡ, ಬೇಕಾದ್ದನ್ನು ಬೆರಳಲ್ಲಿ ಎಳೆದು ತಂದು ಇಡಬೇಕು. ಇಟ್ಟ ವಸ್ತು ಹೇಗೆ ಕೂರಬೇಕು ಎಂಬ ಕೋಡ್ ಬರೆಯುವುದು ನನ್ನ ಪಾಲಿನ ಕೆಲಸ.

ಆಟವನ್ನು ಮೊದಲು ಆಡಿ ನೋಡಿದವಳು ನನ್ನ ಅಕ್ಕ. ದೊಡ್ಡಬಳ್ಳಾಪುರದಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಡಬ್ಬಿ ಒತ್ತುವ ಯಂತ್ರಕ್ಕೆ ಅವಳ ಬಲಗೈ ಸಿಕ್ಕಿತ್ತು. ಎರಡು ಬೆರಳು ಈಗ ಮಡಚುವುದಿಲ್ಲ, ಹೆಬ್ಬೆರಳು ಸಣ್ಣಗೆ ನಡುಗುತ್ತದೆ. ಆಮೇಲೆ ಅವಳು ಬೇರೊಂದು ಗೋದಾಮಿನಲ್ಲಿ ಕೆಲಸ ಹಿಡಿದಳು. ರಜೆಯ ಮಧ್ಯಾಹ್ನಗಳಲ್ಲಿ ಫೋನ್ ಹಿಡಿದು ಕೂರುವುದು ಅವಳಿಗೆ ಇಷ್ಟ.

ಭಾನುವಾರ ಊಟವಾದ ಮೇಲೆ ಆಟ ಹಾಕಿಕೊಟ್ಟೆ. ಅವಳು ಕಪಾಟನ್ನು ಗೋಡೆಯ ಹತ್ತಿರಕ್ಕೆ ಎಳೆದಳು. ಅದು ಸೊಟ್ಟಗೆ ನಿಂತಿತು. ಮತ್ತೆ ಎಳೆದಳು, ಗೋಡೆಯೊಳಗೆ ಅರ್ಧ ಹೂತುಕೊಂಡಿತು. ಫೋನ್ ದಿಂಬಿನ ಮೇಲಿಟ್ಟು, "ಯಾರಿಗೆ ಮಾಡಿದೀರ ಇದನ್ನ? ಬೆರಳು ಒಂಚೂರು ಅಲುಗಾಡಿದ್ರೂ ಆಗಲ್ಲ ಅಂತದೆ," ಎಂದಳು.

ಮಾರನೆಯ ದಿನವೇ ನಾನು ಗ್ರಿಡ್ ಬರೆಯಲು ಕೂತೆ. ಕೋಣೆಯ ನೆಲವನ್ನು ಕಣ್ಣಿಗೆ ಕಾಣದ ಚೌಕಗಳಾಗಿ ಭಾಗ ಮಾಡಬೇಕು. ಬೆರಳು ವಸ್ತುವನ್ನು ಎಲ್ಲೇ ಬಿಡಲಿ, ಕೋಣೆಯ ಮೂಲೆಯಿಂದ ಆ ಜಾಗಕ್ಕಿರುವ ದೂರವನ್ನು ಚೌಕದ ಅಳತೆಯಿಂದ ಭಾಗಿಸಿ, ಹತ್ತಿರದ ಪೂರ್ಣಸಂಖ್ಯೆಗೆ ತಂದು, ಮತ್ತೆ ಅದೇ ಅಳತೆಯಿಂದ ಗುಣಿಸಿದರೆ ವಸ್ತು ಟಪ್ಪನೆ ಚೌಕಕ್ಕೆ ಕೂರುತ್ತದೆ. ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೆ ಅಕ್ಕನ ಕೈಗೆ ಕೊಟ್ಟಾಗ ಅವಳು ನಗಲು ಶುರುಮಾಡಿದಳು. "ನಿನ್ ಕಪಾಟು ಕುಣೀತದೆ ನೋಡೇ!"

ನಿಜವಾಗಿಯೂ ಕುಣಿಯುತ್ತಿತ್ತು. ಅವಳ ಬೆರಳು ಎರಡು ಚೌಕಗಳ ನಡುವಿನ ಗೆರೆಯ ಮೇಲೆ ನಡುಗಿದಾಗಲೆಲ್ಲ ಕಪಾಟು ಅತ್ತಿಂದಿತ್ತ ಹಾರುತ್ತಿತ್ತು. ಆ ವಾರವೆಲ್ಲ ಅದನ್ನೇ ತಿದ್ದಿದೆ. ಒಂದು ಚೌಕಕ್ಕೆ ಕೂತ ವಸ್ತು, ಬೆರಳು ಗೆರೆ ದಾಟಿ ಪಕ್ಕದ ಚೌಕದೊಳಗೆ ಸಾಕಷ್ಟು ಹೋಗುವವರೆಗೂ ಜಾಗ ಬಿಡಬಾರದು ಎಂದು ಬರೆದೆ. ಮುಂದಿನ ರಜೆಯಲ್ಲಿ ಅಕ್ಕ ಒಂದಿಡೀ ಅಡುಗೆಮನೆ ಜೋಡಿಸಿದಳು. ಒಲೆಯನ್ನು ಕಿಟಕಿಯ ಕೆಳಗಿಟ್ಟು, "ಹೊಗೆ ಆಚೆ ಹೋಗ್ಲಿ," ಎಂದಳು.

ಆಟ ಬಿಡುಗಡೆಯಾಗುವ ಮುನ್ನ ಮ್ಯಾನೇಜರ್ ನನ್ನನ್ನು ಕರೆದ. ಅವನು ನನಗಿಂತ ಸ್ವಲ್ಪವೇ ದೊಡ್ಡವನು, ಮಾತು ಸಲೀಸು.

"ಗ್ರಿಡ್ ಸೂಪರಾಗಿದೆ ಕಣಮ್ಮ. ಲಾಕ್ ಮಾಡಿಬಿಡೋಣ."

"ಲಾಕ್ ಅಂದ್ರೆ?"

"ಆಡೋರು ಒಂದು ಜಾಹೀರಾತು ನೋಡ್ಲಿ, ಸ್ವಲ್ಪ ಹೊತ್ತು ಗ್ರಿಡ್ ಆನ್ ಆಗುತ್ತೆ. ಆಮೇಲೆ ಮತ್ತೆ ಇನ್ನೊಂದು ನೋಡ್ಲಿ."

ಬಣ್ಣದ ಪರದೆಗೋ, ಹೊಳೆಯುವ ದೀಪಕ್ಕೋ ಜಾಹೀರಾತು ಹಾಕಲಿ, ನನ್ನದೇನೂ ತಕರಾರಿಲ್ಲ. ಅವು ಅಲಂಕಾರ. ಆದರೆ ಗ್ರಿಡ್ ಇಲ್ಲದಿದ್ದರೆ ಕೆಲವರಿಗೆ ಆಟವೇ ಇಲ್ಲ.

"ಮೆಟ್ಲು ಪಕ್ಕದ ಕಂಬಿ ಹಿಡ್ಕೊಳೋಕೂ ಟಿಕೆಟ್ ಇಡ್ತೀರಾ ಸಾರ್?" ಎಂದೆ. ಕೈ ನಡುಗುವವರಿಗೆ ಅದಿಲ್ಲದೆ ಒಂದು ಕುಂಡವನ್ನೂ ಇಡಲಾಗುವುದಿಲ್ಲ ಎಂದು ವಿವರಿಸಿದೆ. ನಡುಗುವ ಕೈ ಯಾರದು ಎಂದು ಅವನು ಕೇಳಿದ. ನಮ್ಮಕ್ಕನದು ಎಂದೆ.

ಅವನ ಮುಖ ಅರಳಿತು. ಆ ಅರಳಿದ ಮುಖವನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. "ಮೊದ್ಲೇ ಹೇಳ್ಬಾರ್ದಾ? ಅವರನ್ನ ಕರ್ಕೊಂಡ್ ಬನ್ನಿ. ಕೈ ಕಾಣೋ ಹಾಗೆ ಒಂದು ವಿಡಿಯೋ ಮಾಡೋಣ, ಜನಕ್ಕೆ ಮನಸ್ಸು ಕರಗುತ್ತೆ. ಆಮೇಲೆ ಗ್ರಿಡ್ ಎಲ್ರಿಗೂ ಫ್ರೀ ಬಿಡೋಣ, ಪ್ರಾಮಿಸ್."

ಸಂಜೆ ಬಸ್ಸಿನುದ್ದಕ್ಕೂ ಅಕ್ಕನಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಒದ್ದಾಡಿದೆ. ಎಲ್ಲರಿಗೂ ಬಿಟ್ಟಿ ಸಿಗುವುದಾದರೆ ತೀರ್ಮಾನ ಅವಳದೇ ಅನ್ನಿಸಿತು. ಮನೆಗೆ ಬಂದು ಹೇಳಿಯೇಬಿಟ್ಟೆ.

ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಆಸ್ಪತ್ರೇಲಿದ್ದಾಗ ಆ ಕಾರ್ಖಾನೆಯವರು ಬಂದಿದ್ರಲ್ಲ, ಗೊತ್ತಾ? ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೀಬೇಕು, ಬ್ಯಾಂಡೇಜ್ ಕಾಣೋ ಹಂಗೆ ಕೈ ಮೇಲೆತ್ತಿ ಅಂದ್ರು. ನೋವಲ್ಲಿ ಕಣ್ಣೀರು ಬರ್ತಿತ್ತು, ಎತ್ತಿದೆ. ಇನ್ನೊಂದ್ಸಲ ಎತ್ತಲ್ಲ."

"ಎತ್ತೋದು ಬೇಡ ಬಿಡಕ್ಕಾ."

"ಫ್ರೀ ಬಿಡೋ ಮನಸ್ಸಿದ್ರೆ ಬಿಡ್ಲಿ. ನನ್ ಕೈ ನೋಡ್ದೆ ಇದ್ರೆ ಅವನಿಗೆ ಬಿಡೋಕಾಗಲ್ವಾ? ಹಂಗಂತ ಕೇಳು ನಾಳೆ."

ಕೇಳಿದೆ. ಎಲ್ಲರೆದುರಿಗೇ, ಅವಳ ಮಾತಿನಲ್ಲೇ ಕೇಳಿದೆ. ಮ್ಯಾನೇಜರ್ ನಕ್ಕು, ನಾನು ಇದನ್ನು ತುಂಬಾ ಪರ್ಸನಲ್ ಆಗಿ ತಗೊಳ್ಳುತ್ತಿದ್ದೇನೆ ಎಂದ. ಹೌದು ಸಾರ್, ಅವಳು ನನ್ನ ಅಕ್ಕ, ಇನ್ನು ಹೇಗೆ ತಗೊಳ್ಳಲಿ ಎಂದೆ. ಪಕ್ಕದಲ್ಲಿದ್ದವರು ತಮ್ಮ ಪರದೆಗಳೊಳಗೆ ತಲೆ ಹುದುಗಿಸಿಕೊಂಡರು. ಲಾಕಿನ ಕೋಡನ್ನು ಬರೆಯುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಅದನ್ನು ಇನ್ನೊಬ್ಬನಿಂದ ಬರೆಸಿದರು. ನನ್ನನ್ನು ಹಾವು-ಏಣಿ ಆಟಕ್ಕೆ ಹಾಕಿದರು. ಕೆಲವು ತಿಂಗಳಲ್ಲೇ ನಾನು ಅಲ್ಲಿಂದ ಹೊರಬಿದ್ದು ಬೇರೆ ಕಡೆ ಸೇರಿಕೊಂಡೆ.

ಗ್ರಿಡ್ ಇಂದಿಗೂ ಲಾಕ್ ಆಗಿಯೇ ಇದೆ. ಅಕ್ಕ ಆಟವನ್ನು ಫೋನಿನಿಂದ ಅಳಿಸಿಹಾಕಿದಳು. ಅವಳಿಗೆಂದು ನಾನೇ ಸಣ್ಣದೊಂದು ಮನೆ ಆಟ ಬರೆದುಕೊಟ್ಟೆ. ಕಪಾಟು ನೆಟ್ಟಗೆ ನಿಲ್ಲುತ್ತದೆ, ಯಾರೂ ಏನೂ ನೋಡಬೇಕಿಲ್ಲ. ಆಡಿ ನೋಡಿ, "ಗೋಡೆ ಬಣ್ಣ ಒಂಚೂರೂ ಚೆನ್ನಾಗಿಲ್ಲ," ಎಂದಳು. ಅದೂ ನಿಜವೇ, ಬಣ್ಣ ನನಗೆ ಬರುವುದಿಲ್ಲ.

ಮೊನ್ನೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಆ ಆಟವನ್ನೇ ಆಡುತ್ತಿದ್ದರು. ಸೋಪಿನ ಜಾಹೀರಾತು ಮುಗಿಯಲೆಂದು ಬೆರಳನ್ನು ಫೋನಿನ ಗಾಜಿನ ಮೇಲೆ ಎತ್ತಿ ಹಿಡಿದು ಕಾಯುತ್ತಿದ್ದರು. ಅದು ಮುಗಿಯಿತು, ಅವರು ಮಂಚ ಎಳೆದರು, ಅಷ್ಟರಲ್ಲಿ ಬಸ್ಸು ಹಂಪ್ ಹಾರಿತು. ಮಂಚ ತನ್ನ ಚೌಕ ಬಿಟ್ಟು ಕದಲಲಿಲ್ಲ. ಆ ಕೋಡಿನ ಸಾಲುಗಳನ್ನು ಬರೆದವಳು ನಾನೇ ಎಂದು ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಕಿಟಕಿಯ ಕಡೆ ತಿರುಗಿ ಹಲ್ಲು ಕಚ್ಚಿ ಕೂತೆ.