ಬನಶಂಕರಿ ನನ್ನ ಮಗನನ್ನು ಕಡಲಡಿಯಿಂದ ಎತ್ತಿಕೊಟ್ಟಳು

ಭಕ್ತ ಬಂಧುಗಳೇ, ನನ್ನ ಒಬ್ಬನೇ ಮಗ ಸಬ್‌ಮರೀನಿನಲ್ಲಿ ನೌಕರಿ ಮಾಡುತ್ತಾನೆ. ಯುದ್ಧ ಶುರುವಾಗಿ ಅವನು ಕಡಲಿಗಿಳಿದ ತಿಂಗಳಲ್ಲೇ ನನ್ನ ಯಜಮಾನರಿಗೆ ಹೊಟ್ಟೆಯ ಕ್ಯಾನ್ಸರ್ ಎಂದರು ಡಾಕ್ಟರು. ಈ ಪರದೇಶದಲ್ಲಿ ನಮ್ಮ ಮನೆಯಿರುವ ಗ್ರೀನ್‌ಫರ್ಡ್‌ನಿಂದ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುವುದು, ಬರುವುದು, ಅದೇ ನನ್ನ ಬಾಳಾಯಿತು.

ಮಗನಿಗೆ ವಾರಕ್ಕೊಮ್ಮೆ ನಾಲ್ಕು ಸಾಲು ಕಳಿಸಬಹುದಿತ್ತು. ಅವನಿಂದ ಉತ್ತರ ಬರುವಂತಿಲ್ಲ, ಸುಳಿವು ಸಿಕ್ಕರೆ ಶತ್ರು ವಿಮಾನ ಬಿಡುವುದಿಲ್ಲ. ಕೆಟ್ಟ ಸುದ್ದಿ ಬರೆದರೆ ನೌಕಾಪಡೆಯ ಕಚೇರಿಯವರೇ ತೆಗೆದುಹಾಕುತ್ತಾರೆ. ಮನೆಯಲ್ಲಿ ಯಾರು ಸತ್ತರೂ ಹುಡುಗರಿಗೆ ಹೇಳುವುದು ದಡಕ್ಕೆ ಬಂದ ಮೇಲೆಯೇ. ಎಂಥ ಕಟುಕರಪ್ಪಾ ಎಂದು ಬೈದುಕೊಳ್ಳುತ್ತಲೇ "ಎಲ್ಲರೂ ಆರಾಮ" ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ.

ಅಪ್ಪ, ಮಗ ಮಾತು ಬಿಟ್ಟು ವರ್ಷಗಳಾಗಿದ್ದವು. "ನೀರಾಗ ಮುಳುಗಿ ಸಾಯೂ ನೌಕರಿ ಯಾಕಲೇ?" ಎಂದು ಇವರು ಕೂಗಾಡಿದ್ದೇ ಕಡೆಯ ಮಾತು. ಆದರೆ ಶತ್ರು ವಿಮಾನಗಳು ಸಬ್‌ಮರೀನುಗಳನ್ನು ಬೇಟೆಯಾಡುತ್ತಿವೆ ಎಂಬ ಸುದ್ದಿ ವಾರ್ಡಿನ ಟಿವಿಯಲ್ಲಿ ಬಂದ ದಿನ ನನ್ನ ಕೈ ಹಿಡಿದು ಅತ್ತುಬಿಟ್ಟರು.

"ನಮ್ಮ ಹುಡುಗ ಎಲ್ಲ್ಯದಾನಂತ? ಏನರ ಗೊತ್ತಾತೇನ?"

ಅಂದಿನಿಂದ ದಿನಾ ಅದೇ ಪ್ರಶ್ನೆ. ಬನಶಂಕರಿಯ ಕುಂಕುಮ ಹಣೆಗೆ ಹಚ್ಚಿದಾಗ, "ತಾಯಿ, ನನ್ನ ಆಯುಷ್ಯ ಅವಗ ಹಾಕು" ಎಂದು ಬೇಡಿಕೊಂಡರು. ನನ್ನ ಜೀವ ಹಿಗ್ಗಿತು. ಬಸ್ಸಿನಲ್ಲೇ ಕೂತು ಬರೆದು ಕಳಿಸಿದೆ: "ಅಪ್ಪ ದಿನಾ ನಿನ್ನನ್ನು ಕೇಳುತ್ತಾರೆ."

ಮುಂದಿನ ತಿಂಗಳು ಇವರು ಹೋದರು. ಚಿತಾಗಾರದ ಬಾಗಿಲಲ್ಲೇ ಸ್ಟ್ಯಾನ್ಮೋರಿನ ನಾದಿನಿ ಅಂದಳು, "ಅಣ್ಣ ಅಂತೂ ಹೋದ. ಆ ಹುಡುಗ ಅದಾನೋ ಇಲ್ಲೋ, ಯಾರಿಗೆ ಗೊತ್ತು." ಅವಳ ನಾಲಿಗೆಗೆ ಬೆಂಕಿ ಬೀಳಲಿ! ಮನೆಗೆ ಬಂದು ದೇವಿಯ ಫೋಟೊವನ್ನು ಗೋಡೆಗೆ ತಿರುಗಿಸಿಟ್ಟೆ. ಆ ವಾರವೂ "ಎಲ್ಲರೂ ಆರಾಮ" ಎಂದೇ ಬರೆದೆ.

ಒಂದು ಮಧ್ಯಾಹ್ನ ಫೋನು ಬಂತು. "ಅವ್ವಾ, ಬಂದೆ." ಮೊದಲು ಫೋಟೊ ತಿರುಗಿಸಿ ದೀಪ ಹಚ್ಚಿದೆ, ಆಮೇಲೆ ಅತ್ತೆ.

ಎರಡು ಸಲ ವಿಮಾನ ತಲೆಯ ಮೇಲೆಯೇ ಸುತ್ತಿತಂತೆ. ಕೆಮ್ಮು ಬಂದರೆ ಸದ್ದಾಗದಂತೆ ದಿಂಬಿಗೆ ಬಾಯಿಟ್ಟು ಬಿದ್ದುಕೊಂಡಿದ್ದರಂತೆ. ಎರಡನೇ ಸಲ ಆ ವಿಮಾನದವರು ನೀರಿಗೆ ಟಾರ್ಪೆಡೊ ಬಿಟ್ಟರು. ಅದು ಪಕ್ಕದಲ್ಲೇ ಹಾದು ದೂರ ಹೋಗಿ ಸಿಡಿಯಿತು. ಯಾಕೆ ತಪ್ಪಿತೆಂದು ಅವರ ಕ್ಯಾಪ್ಟನ್‌ಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ಇವರು ಕಣ್ಣು ಮುಚ್ಚಿದ ವಾರವೇ ಅದು.

ದಡದಲ್ಲಿ ಅಧಿಕಾರಿ ಅಪ್ಪನ ಸಾವು ತಿಳಿಸಿದಾಗ ಅವನು ಅಳಲಿಲ್ಲವಂತೆ.

"ಐ ನ್ಯೂ, ಅವ್ವಾ. ಮೊದಲ ಗೊತ್ತಿತ್ತು. ಅಪ್ಪ ದಿನಾ ಕೇಳ್ತಾರ ಅಂತ ಬರದಿದ್ದಿ. ಅಪ್ಪ ನನ್ನ ಕೇಳೂದಾ? ಸತ್ತಾರ, ಅದಕ್ಕ ನೀ ಸುಳ್ಳ ಬರದಿ ಅಂತ ತಿಳೀತು. ಅದನ್ನ ಓದಿದ ದಿನಾನ ಅಲ್ಲೇ ಕಪ್ಪಿನಾಗ ನೀರ ತಗೊಂಡು ತರ್ಪಣ ಬಿಟ್ಟೆ. ಅಜ್ಜಗ ಅಪ್ಪ ಬಿಟ್ಟಂಗ."

ಅವತ್ತು ಇವರು ವಾರ್ಡಿನಲ್ಲಿ ಮೊಸರನ್ನ ಉಣ್ಣುತ್ತಾ ಅವನ ಸುದ್ದಿ ಕೇಳುತ್ತಿದ್ದರು. ಬದುಕಿದ್ದ ಅಪ್ಪನಿಗೆ ಮಗ ತರ್ಪಣ ಬಿಟ್ಟಿದ್ದ. ಆದರೂ "ಛಲೋ ಮಾಡಿದಿ, ಮಗನ" ಎಂದೆ.

ಬನಶಂಕರಿ ತಾಯಿ ಇವರು ಕೇಳಿದ್ದನ್ನು ಕೊಟ್ಟಳು, ಕೊಡುತ್ತೇನೆಂದದ್ದನ್ನು ಬಿಡದೆ ತೆಗೆದುಕೊಂಡಳು. ಅವಳಿದ್ದಾಳೆ ಎಂಬುದರಲ್ಲಿ ನನಗೀಗ ಎಳ್ಳಷ್ಟೂ ಅನುಮಾನವಿಲ್ಲ. ಅವಳ ಪಾದಕ್ಕೆ ಸಾವಿರ ಶರಣು. ಅಪ್ಪ ನಿಜವಾಗಿಯೂ ಕೇಳುತ್ತಿದ್ದರೆಂದು ಮಗನಿಗೆ ಹೇಳಿಲ್ಲ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ. ನೀವೂ ಹೇಳಬೇಡಿ.