ಮೋತ್ಯಾನ ಮೂರ್ಛೆ, ಗಂಗವ್ವನ ಗುಳಿಗೆ

ಅಂಗಳದಲ್ಲಿ ಬಾಲ ಅಲ್ಲಾಡಿಸುತ್ತ ನಿಂತಿದ್ದ ನಮ್ಮ ನಾಯಿ ಮೋತ್ಯಾ ಧಡಕ್ಕನೆ ಬಿದ್ದ. ಕಾಲು ಸೆಟೆದವು. ಬಾಯಲ್ಲಿ ನೊರೆ.

ಮನುಷ್ಯರಿಗೆ ಮೂರ್ಛೆ ಬಂದರೆ ನಮ್ಮ ಹತ್ತಿಮತ್ತೂರಿನಲ್ಲಿ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದೆ. ಪಂಜಕ್ಕೆ ಕಬ್ಬಿಣದ ಕೀಲಿಕೈ ಒತ್ತಿದೆ. ನಾಲಿಗೆ ಕಚ್ಚಿಕೊಂಡಾನೆಂದು ಹಲ್ಲಿನ ನಡುವೆ ಚಮಚ ತುರುಕಲು ಹೋದೆ.

ಕೈ ಕಚ್ಚಿಬಿಟ್ಟ.

ನನ್ನ ಚೀರಾಟಕ್ಕೆ ಓಣಿಯೇ ಓಡಿ ಬಂತು. ಪಕ್ಕದ ಮನೆಯ ಫಕೀರಪ್ಪ ಬಡಿಗೆ ಹಿಡಿದೇ ಬಂದಿದ್ದ.

"ಹುಚ್ಚ ಹಿಡದೈತಿ! ಸರಿಯೋ ತಮ್ಮಾ, ಒಂದಽ ಏಟಿಗೆ ಮುಗಸ್ತೇನಿ."

ಆಗ ನನ್ನ ತಂಗಿ ಗಂಗವ್ವ ಒಳಗಿನಿಂದ ಬಂದು ನಾಯಿಗೆ ಅಡ್ಡ ನಿಂತಳು.

"ಹುಚ್ಚಲ್ಲ ಕಾಕಾ, ಮೂರ್ಛೆರೋಗ. ನನಗೂ ಹಿಂಗಽ ಬರತೈತಿ."



ಮುಂದಿನ ವಾರ ಅವಳನ್ನು ನೋಡಲು ಮಾಸೂರಿನಿಂದ ಗಂಡಿನವರು ಬರುವವರಿದ್ದರು. ಅಷ್ಟು ವರ್ಷ ಮುಚ್ಚಿಟ್ಟ ಮಾತು! ಆ ಕ್ಷಣ ನನಗೆ ನಾಯಿ ಉಳಿಯಲಿ ಅನ್ನಿಸಲಿಲ್ಲ, ಇವಳು ಬಾಯಿ ಮುಚ್ಚಲಿ ಅನ್ನಿಸಿತು. ಥೂ ನನ್ನ! ಈಗ ನೆನೆದರೂ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಫಕೀರಪ್ಪ ಬಡಿಗೆ ಕೆಳಗಿಳಿಸಿದ.

ನಾನು ನಾಯಿಕಡಿತದ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕಾಯಿತು. ಮೋತ್ಯಾನನ್ನು ಚಕ್ಕಡಿಯಲ್ಲಿ ಕಟ್ಟಿ ಕೂರಿಸಿ, ಗಂಗವ್ವನನ್ನೂ ಕರೆದುಕೊಂಡು ಸವಣೂರಿನ ದನದ ದವಾಖಾನೆಗೆ ಒಯ್ದೆ. ಡಾಕ್ಟರು ನನ್ನ ಕೈಯ ಬ್ಯಾಂಡೇಜ್ ನೋಡಿಯೇ ತಲೆ ಅಲ್ಲಾಡಿಸಿದರು.

"ಫಿಟ್ಸ್ ಬಂದಾಗ ಬಾಯಾಗ ಏನೂ ಇಡಬ್ಯಾಡ್ರಿ. ಬಡಿಯೂ ಸಾಮಾನು ಸರಸ್ರಿ, ಗದ್ದಲ ಮಾಡದ ಬಾಜೂಕ ಕುಂತ್ಕೋರಿ. ಗುಳಿಗಿ ಒಂದ ದಿನಾನೂ ತಪ್ಪಸಬ್ಯಾಡ್ರಿ. ಕಚ್ಚಿದ ನಾಯಿ, ಹತ್ತ ದಿನ ಕಟ್ಟಿಹಾಕಿ ಕಣ್ಣಿಟ್ಟಿರ್ರಿ."

ಅವರು ಹೇಳಿದ ಗುಳಿಗೆಯ ಹೆಸರು ಕೇಳಿ ಗಂಗವ್ವ ನಕ್ಕೇಬಿಟ್ಟಳು. ಅವಳು ನುಂಗುವುದೂ ಅದೇ, ಡೋಸ್ ಮಾತ್ರ ಬೇರೆ. ನನಗೆ ನಗು ಬರಲಿಲ್ಲ.

ಮಾಸೂರಿನವರು ಬರಲಿಲ್ಲ. ಗಂಗವ್ವ ಆ ಬಗ್ಗೆ ಕೇಳಲೂ ಇಲ್ಲ. ಮೋತ್ಯಾನಿಗೆ ಮೂರ್ಛೆ ಈಗ ಅಪರೂಪ, ಆದರೆ ನಿಂತೇಹೋಯಿತು ಎನ್ನುವ ಧೈರ್ಯ ನನಗಿಲ್ಲ. ಅವನ ಗುಳಿಗೆಯನ್ನು ರೊಟ್ಟಿಯ ಚೂರಿನಲ್ಲಿ ಸುತ್ತಿ ತಿನ್ನಿಸಿ, ತನ್ನದನ್ನು ಗಂಗವ್ವ ಎಲ್ಲರೆದುರು ಕಟ್ಟೆಯ ಮೇಲೆ ಕುಳಿತೇ ನುಂಗುತ್ತಾಳೆ.

ಮೊನ್ನೆ ಅವಳಿಗೇ ಅಂಗಳದಲ್ಲಿ ಬಂತು. ಮೊದಲಾಗಿದ್ದರೆ ನಾನು ಓಡುತ್ತಿದ್ದುದು ಅವಳ ಬಳಿಗಲ್ಲ, ಬಾಗಿಲು ಹಾಕಲು. ಈ ಸಲ ಕೊಡ ಸರಿಸಿ, ಅವಳ ತಲೆಯಡಿಗೆ ನನ್ನ ಟವೆಲ್ ಮಡಚಿಟ್ಟು ಪಕ್ಕದಲ್ಲಿ ಕುಳಿತೆ. ಎಚ್ಚರವಾದ ಮೇಲೆ ಅವಳು ಕೇಳುವ ಮೊದಲ ಮಾತು ಯಾವಾಗಲೂ ಒಂದೇ.

"ಯಾರರ ನೋಡಿದ್ರೇನಣ್ಣಾ?"

"ನೋಡಿದ್ರವಾ. ಫಕೀರಪ್ಪ ಕಾಕಾ ನೀರು ತಂದಿಟ್ಟು ಹ್ವಾದ."