ಹೊಳೆವ್ವಕ್ಕನ ಮೀಟರ್ ಮುಳ್ಳು

ಹೊಳೆವ್ವಕ್ಕನ ಸಿಟ್ಟು ನಮ್ಮ ಮನೆಗೆ ಅಲಾರಂ ಇದ್ದಂಗೆ. ಚಂದಾಪುರದಲ್ಲಿ ನಮ್ಮನೆ ಕೆಳಗಡೆ ರೂಮಲ್ಲಿ ಬಾಡಿಗೆಗಿದಾರೆ, ರೋಣದ ಕಡೆಯವರು, ಬೆಳಗಿನ ಜಾವ ಜೋಳದ ರೊಟ್ಟಿ ಬಡಿಯೋಕೆ ಕೂತ್ರೆ ಆ ಟಪಟಪ ಸೌಂಡಲ್ಲೇ ಇವತ್ತು ಯಾರಿಗೋ ಗ್ರಹಚಾರ ಇದೆ ಅಂತ ನಂಗೆ ಮಲಗಿದ್ದಲ್ಲೇ ಗೊತ್ತಾಗ್ಬಿಡುತ್ತೆ.

ಮಧ್ಯಾಹ್ನ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ ಎಲ್ಲ ಡಬ್ಬಿಗೆ ತುಂಬ್ಕೊಂಡು, ಸೀರೆ ಮೇಲೆ ಗಂಡನ ತುಂಬುತೋಳಿನ ಶರ್ಟ್ ಹಾಕ್ಕೊಂಡು, ಹೊಸೂರ್ ರೋಡ್ ಆಚೆ ಒಂದು ದೊಡ್ಡ ಫ್ಯಾಕ್ಟರಿ ಒಳಗೆ ಹೋಗ್ತಾರೆ. ಓಡಿಸೋದು ಸ್ಕೂಟಿ ಅಲ್ಲ, ಬೈಕು. ಕ್ಯಾಂಟೀನ್ ಅನ್ನ ಸಾಂಬಾರ್ ತಿಂದು ನಾಲಿಗೆ ಸತ್ತೋಗಿರೋ ಅವರ ಊರ ಕಡೆ ಹುಡುಗರೆಲ್ಲ ಅಲ್ಲಿ ಇವರಿಗೋಸ್ಕರ ಕಾಯ್ತಿರ್ತಾರೆ.

ಪ್ರಾಬ್ಲಂ ಏನಪ್ಪಾ ಅಂದ್ರೆ, ಆ ಫ್ಯಾಕ್ಟರಿ ಕಾಂಪೌಂಡ್ ಒಳಗೆ ಇಪ್ಪತ್ತರ ಮೇಲೆ ಗಾಡಿ ಓಡಿಸೋ ಹಾಗಿಲ್ಲ. ಸೆಕ್ಯುರಿಟಿ ಆಫೀಸರ್ ಶಿವಶಂಕರ್ ಅಂತ, ಕೈಯಲ್ಲಿ ಸ್ಪೀಡ್ ಗನ್ ಹಿಡ್ಕೊಂಡು ನಿಂತಿರ್ತಾರೆ. ದಸರಾ ಆದ್ಮೇಲೆ ಹೊಳೆವ್ವಕ್ಕನ್ನ ಎರಡು ಸಲ ಹಿಡಿದ್ರು. ಇನ್ನೊಂದ್ಸಲ ಸಿಕ್ಕಿಹಾಕ್ಕೊಂಡ್ರೆ ಗೇಟ್ ಪಾಸ್ ಕ್ಯಾನ್ಸಲ್. ಪಾಸ್ ಹೋದ್ರೆ ರೊಟ್ಟಿನೂ ಹೋಯ್ತು.

"ಹದಿನೆಂಟರಾಗ ಇದ್ದೆ ನಾ," ಅಂತ ಎರಡನೇ ಸಲ ಸಿಕ್ಕಿಬಿದ್ದ ದಿನ ಹೊಳೆವ್ವಕ್ಕ ಖಾಲಿ ಡಬ್ಬಿ ಚೀಲನ ಮೆಟ್ಟಿಲ ಮೇಲೆ ಕುಕ್ಕಿದ್ರು. "ಮುಳ್ಳು ನೋಡಕೋತನ ಹೊಂಟಿದ್ದೆ. ಇಪ್ಪತ್ತೆಂಟು ಅಂತಾನ ಆವ. ಅವನ ಮಿಷನ್ನಿಗೆ ಹುಚ್ಚು ಹಿಡದೈತಿ, ಇಲ್ಲಾ ಅವಗ ಹಿಡದೈತಿ."

"ಅಕ್ಕಾ, ಫೋನಲ್ಲಿ ಚೆಕ್ ಮಾಡೋಣ, ಜಿಪಿಎಸ್ ಸ್ಪೀಡ್ ತೋರಿಸುತ್ತೆ," ಅಂದೆ. ನಂಗೆ ಸ್ಟಡಿ ಹಾಲಿಡೇಸ್ ಬೇರೆ, ಓದೋದು ಬಿಟ್ಟು ಇನ್ನೇನ್ ಬೇಕಾದ್ರೂ ಮಾಡೋಕೆ ರೆಡಿ ಇದ್ದೆ.

"ನಡಿ. ನಾಳೆ ಅವನ ಮೂಗಿಗೆ ಹಿಡಿಯೂಣು ನಿನ್ ಫೋನು."

ಸರ್ವಿಸ್ ರೋಡಲ್ಲಿ ನಾನು ಹಿಂದೆ ಕೂತು ಫೋನ್ ನೋಡ್ತಿದ್ದೆ, ಅವರು ಮುಂದೆ ಮೀಟರ್ ಓದ್ತಿದ್ರು. "ಇಪ್ಪತ್ತು," ಅಂದ್ರು. ಫೋನಲ್ಲಿ ಮೂವತ್ತು. ನಾನು ಫೋನನ್ನ ಇನ್ನೊಂದ್ಸಲ ನೋಡ್ದೆ. "ಎಷ್ಟೈತಿ, ಹೇಳಲೇ ತಂಗಿ." ಹೇಳ್ದೆ. ಅವರು ಬ್ರೇಕ್ ಹಾಕಿದ ರಭಸಕ್ಕೆ ನನ್ ಮೂಗು ಹೋಗಿ ಅವರ ಬೆನ್ನಿಗೆ ಹೊಡೀತು.

ಅಲ್ಲಿಂದ ಸೀದಾ ನಲ್ಲಪ್ಪನ ಗ್ಯಾರೇಜು. ನಮ್ಮ ಬೀದಿ ಕೊನೇಲಿದೆ, ಹೊಳೆವ್ವಕ್ಕನ ಗಂಡ ಗಂಗಪ್ಪಣ್ಣ ಸಾಯಂಕಾಲ ಟೀ ಕುಡಿಯೋದೂ ಅಲ್ಲೇ.

"ಕೇಬಲ್ ಹೋಗಿರುತ್ತೆ ಬಿಡಕ್ಕಾ," ಅಂದ ನಲ್ಲಪ್ಪ. ಮುಂದಿನ ಚಕ್ರದಿಂದ ಮೀಟರ್‌ಗೆ ಹೋಗೋ ಕೇಬಲ್ ಬಿಚ್ಚಿ ಹೊಸದು ಹಾಕ್ದ. ಮತ್ತೆ ಸರ್ವಿಸ್ ರೋಡು. ಸೇಮ್. ಚಕ್ರ ಬಿಚ್ಚಿ ಒಳಗಿನ ಹಲ್ಲು ನೋಡ್ದ, ಗ್ರೀಸ್ ಹಾಕ್ದ. ಸೇಮ್. "ಕೇಬಲ್ ಕೆಟ್ರೆ ಮುಳ್ಳು ಒದ್ದಾಡ್ಬೇಕು, ಇಲ್ಲ ಸತ್ತು ಮಲಗ್ಬೇಕು. ಇದು ನೀಟಾಗಿ ಸುಳ್ಳು ಹೇಳ್ತಿದೆಯಲ್ಲಕ್ಕಾ. ಗಾಡಿನೂ ಮಾಲೀಕರ ಥರಾನೇ, ಹಟ."

"ನಿನ್ ಬಾಯಿಗೂ ಒಂದೀಟ್ ಗ್ರೀಸ್ ಹಚ್ಚಕೋ," ಅಂದ್ರು ಹೊಳೆವ್ವಕ್ಕ.

ಮೂರನೇ ರೌಂಡಲ್ಲಿ ಅವರೇ ಕೇಳಿದ್ರು, ಮೂವತ್ತಕ್ಕೆ ಎಷ್ಟು ಬರುತ್ತೆ ನೋಡು, ನಲವತ್ತಕ್ಕೆ ನೋಡು ಅಂತ. ಮೀಟರಲ್ಲಿ ಮೂವತ್ತಿದ್ರೆ ಫೋನಲ್ಲಿ ನಲವತ್ತು. ನಲವತ್ತಿದ್ರೆ ಐವತ್ತು. ಗಾಡಿ ಸೈಡಿಗೆ ಹಾಕಿ ಕಾಲೂರಿ ನಿಂತ್ರು.

"ಎಲ್ಲಾ ಕಡೆ ಹತ್ತ ಕಡಿಮಿ. ಸಂತ್ಯಾಗ ಕಳ್ಳ ಶೆಟ್ಟಿ ತಕ್ಕಡಿ ತಟ್ಟಿ ಕೆಳಗ ಹುಣಸಿಹಣ್ಣು ಅಂಟಿಸಿದಂಗ. ಒಂದು ಸೇರಿಗೂ ಅಷ್ಟ ಮೋಸ, ಹತ್ತು ಸೇರಿಗೂ ಅಷ್ಟ. ಇದು ಕೆಟ್ಟಿಲ್ಲ. ಯಾರೋ ಕೈ ಹಚ್ಯಾರ."

ಗ್ಯಾರೇಜಿಗೆ ವಾಪಸ್ ಬಂದು ಅದನ್ನೇ ಹೇಳಿದ್ರು. "ಮೀಟರ್ ಬಿಚ್ಚಿದ್ರಾ ಯಾರಾದ್ರೂ?" ಅಂತ ನಲ್ಲಪ್ಪ ಕೇಳ್ದ. ಬೆಂಚ್ ಮೇಲಿದ್ದ ಗಂಗಪ್ಪಣ್ಣ ಟೀ ಗ್ಲಾಸ್ ಒಳಗೇ ಮುಖ ಇಟ್ಕೊಂಡು, "ಖಂಡೇಪೂಜಿ ದಿನ," ಅಂದ್ರು. ಖಂಡೇಪೂಜಿ ಅಂದ್ರೆ ನಮ್ಮ ಆಯುಧ ಪೂಜೆ.

"ಏನ್ ಮಾಡಿದ್ರಿ?" ಅಂದ್ರು ಹೊಳೆವ್ವಕ್ಕ.

"ಗಾಜು ಮಬ್ಬಾಗಿತ್ತು, ಒರಸೂಣಂತ ತಗದೆ. ಗಾಡಿ ನಿಂತೈತಿ, ಮುಳ್ಳು ಐದರ ಮ್ಯಾಲ ಐತಿ. ಅವತ್ತು ಕತ್ತಿ, ಕುಡಗೋಲು, ಮಿಷನ್ನು ಎಲ್ಲಾ ಸುಮ್ನ ಕುಂಡ್ರಬೇಕು, ಇದೊಂದ ಓಡಾಕತ್ತಿದ್ರ ಪೂಜಿ ಹೆಂಗ ಮುಟ್ಟತೈತಿ? ಮುಳ್ಳು ಕಿತ್ತು ಸೊನ್ನೀಗೆ ಬಿಗಿಯಾಗಿ ಕುಂಡ್ರಸಿದೆ. ಮತ್ತ ಏಳಬಾರದಂತ ಒಂಚೂರು ತಿರುವಿ."

"ಹಂಗಾದ್ರೆ ಗಾಡಿ ಹತ್ತು ದಾಟೋವರೆಗೂ ಮುಳ್ಳು ಸೊನ್ನೆ ಬಿಟ್ಟು ಏಳೋದೇ ಇಲ್ಲ," ಅಂದ ನಲ್ಲಪ್ಪ.

"ಆಹಾ," ಅಂದ್ರು ಹೊಳೆವ್ವಕ್ಕ ಗಂಡನ ಕಡೆ ತಿರುಗಿ. "ಮುಳ್ಳಿಗೆ ರಜಾ ಕೊಟ್ರಿ. ಇನ್ನ ನನಗೂ ಕೊಡಸ್ತೀರಿ, ಕಾಯಂ. ಆ ಸೆಕ್ಯುರಿಟಿ ಮನಶಾನ್ನ ಹತ್ತು ಜನರ ಮುಂದ ಸುಳ್ಳ ಅಂದು ಬಂದೀನಿ ನಾ. ನನ್ನ ರೊಟ್ಟಿ ಕಸಗೊಳ್ಳಾಕ ಹೊರಗಿನವರು ಯಾಕ ಬೇಕು, ಮನ್ಯಾಗ ಇರೋವಾಗ?"

"ಒಳ್ಳೇದಾಗ್ಲಿ ಅಂತ ಮಾಡಿದ್ನಲೇ," ಅಂದ್ರು ಗಂಗಪ್ಪಣ್ಣ. ಆಮೇಲೆ ಅವರ ಕಡೆ ಯಾರೂ ನೋಡ್ಲೇ ಇಲ್ಲ, ಪಾಪ.

ನಲ್ಲಪ್ಪ ಎರಡು ಟೀ ಚಮಚ ಮುಳ್ಳಿನ ಕೆಳಗಿಟ್ಟು ಮೆಲ್ಲಗೆ ಎಬ್ಬಿಸಿ ತೆಗೆದ. ಅಂದಾಜಲ್ಲಿ ಕೂರಿಸ್ದ, ನಾವು ಓಡಿಸಿ ನೋಡಿ ಬಂದ್ವಿ, ಮತ್ತೆ ಎಬ್ಬಿಸಿ ಒಂಚೂರು ಸರಿಸ್ದ. ಕೊನೆಗೆ ಮೀಟರಲ್ಲೂ ಇಪ್ಪತ್ತು, ಫೋನಲ್ಲೂ ಇಪ್ಪತ್ತು. ನಾನು ಹಿಂದಿನ ಸೀಟಲ್ಲೇ ಕುಣಿದ್ಬಿಟ್ಟೆ. "ಅಲಗಾಡಬ್ಯಾಡ," ಅಂದ್ರು.

ಮಾರನೇ ದಿನ ನಾನೂ ಹೊರಟೆ, ಹೆಲ್ಪರ್ ಅಂತ ಗೇಟಲ್ಲಿ ಎಂಟ್ರಿ ಮಾಡ್ಸಿದ್ರು. ಹೊಳೆವ್ವಕ್ಕ ಸೀದಾ ಹೋಗಿ ಶಿವಶಂಕರ್ ಸಾರ್ ಮುಂದೆ ಗಾಡಿ ನಿಲ್ಸಿದ್ರು.

"ಸಾರ್, ನಿಮ್ ಮಿಷನ್ ಖರೇ ಹೇಳಿತ್ತು. ನನ್ ಮೀಟರ್ ತಪ್ಪಿತ್ತು, ರಿಪೇರಿ ಆತು. ಈಗ ಹಿಡೀರಿ."

ಕ್ಷಮೆ ಕೇಳೋದನ್ನೂ ಜಗಳ ಆಡಿದ ಹಾಗೇ ಕೇಳೋದು ಇವರೊಬ್ರೇ ಇರ್ಬೇಕು. ಗಾಡಿ ತಿರುಗಿಸಿ ಗೇಟ್‌ವರೆಗೂ ಹೋಗಿ, ಅಷ್ಟು ದೂರದಿಂದ ಓಡಿಸ್ಕೊಂಡು ಬಂದ್ರು. ಗನ್ ಹದಿನೆಂಟು ತೋರಿಸ್ತು, ಮೀಟರಲ್ಲೂ ಹದಿನೆಂಟೇ.

"ಸರಿ ಹೋಗಮ್ಮ, ಪಾಸ್ ಇರುತ್ತೆ," ಅಂದ್ರು ಸಾರ್.

ಅಷ್ಟರಲ್ಲಿ ಒಂದು ಬಿಳೀ ಕ್ಯಾಬ್ ಝುಂ ಅಂತ ನಮ್ಮನ್ನ ದಾಟಿ ಹೋಯ್ತು. ಹಿಂದೆ ಇನ್ನೊಂದು ಬರ್ತಿತ್ತು. ಆಫೀಸರ್‌ಗಳನ್ನ ಕರ್ಕೊಂಡು ಬರೋ ಗಾಡಿಗಳು.

"ಅದಕ್ಕೂ ಹಿಡೀರಿ," ಅಂದ್ರು ಹೊಳೆವ್ವಕ್ಕ.

"ಅವು ಕಂಪನಿ ಗಾಡಿಗಳಮ್ಮ."

"ಅವುಕ್ಕ ಗಾಲಿ ಇಲ್ಲೇನು? ನನ್ ಪಾಸಿನ ಕುತ್ತಿಗಿ ಹಿಡದ್ರಿ. ಅವುಕ್ಕೂ ಹಿಡೀರಿ, ಆಮ್ಯಾಲ ಹೊಕ್ಕೀನಿ."

"ಊಟ ಲೇಟ್ ಆಗುತ್ತೆ, ಹೋಗಮ್ಮ." ಗನ್ ಮೇಲೇಳ್ಲಿಲ್ಲ. ಸಾರ್ ಕಿವಿ ಕೆಂಪಾಗಿತ್ತು.

ಹೊಳೆವ್ವಕ್ಕ ಗಾಡಿ ಸ್ಟಾರ್ಟ್ ಮಾಡಿ, ಆ ಎರಡನೇ ಕ್ಯಾಬ್ ಮುಂದೇನೆ ರೋಡ್ ನಟ್ಟನಡುವೆ ತಗೊಂಡ್ರು. ಹದಿನೆಂಟು. ಕ್ಯಾಬ್ ಹಾರ್ನ್ ಹೊಡೀತು. ಬಲಕ್ಕೆ ನುಗ್ಗೋಕೆ ನೋಡ್ತು, ಇವರೂ ಬಲಕ್ಕೆ. ಎಡಕ್ಕೆ ಬಂತು, ಇವರೂ ಎಡಕ್ಕೆ. ಒಳಗಿದ್ದ ಆಫೀಸರ್ ಕಿಟಕಿ ಇಳಿಸಿ, "ಏನ್ರೀ ಇದು?" ಅಂತ ಕೂಗಿದ್ರು.

"ರೂಲ್ಸ್ ರೀ ಸಾರ್," ಅಂತ ತಿರುಗಿ ನೋಡದೇನೇ ಹೇಳಿದ್ರು ಹೊಳೆವ್ವಕ್ಕ.

ನಾನು ರೊಟ್ಟಿ ಚೀಲ ತಬ್ಕೊಂಡು ಹಿಂದೆ ತಿರುಗಿ ನೋಡ್ದೆ. ಆ ಕ್ಯಾಬ್ ಹಿಂದೆ ಇನ್ನೂ ಎರಡು ಬಂದು ಸೇರ್ಕೊಂಡಿದ್ವು. ಕ್ಯಾಂಟೀನ್‌ವರೆಗೂ ಎಲ್ಲರೂ ಹದಿನೆಂಟರಲ್ಲೇ ಬಂದ್ರು.